ಒಂದೇ ಹಾಡು, ಒಂಬತ್ತು ತಿಂಗಳು: ನ್ಯೂ ರ‍್ಯಾಡಿಕಲ್ಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಅಮೆರಿಕದ ನ್ಯೂ ರ‍್ಯಾಡಿಕಲ್ಸ್ ಅನ್ನೋ ಪಾಪ್ ಬ್ಯಾಂಡಿನ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಒಂದು ಆಲ್ಬಂ, ಒಂದು ಹಿಟ್, ಆಮೇಲೆ ಪತ್ತೆ ಇಲ್ಲ ಅಂತ. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. 'ಪತ್ತೆ ಇಲ್ಲ' ಅಂದದ್ದು ತಪ್ಪು ಅಂತ ಒಬ್ಬರು ಬೈದೂ ಇದ್ದಾರೆ. ಅವರ ಮಾತು ಸರಿ, ಒಪ್ಪಿಕೊಂಡೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: 'ಯು ಗೆಟ್ ವಾಟ್ ಯು ಗಿವ್' ನಾನು ಕಾಲೇಜಿನಲ್ಲಿದ್ದಾಗ ಕೇಳಿದ ಹಾಡು. ಅಷ್ಟು ಚೆನ್ನಾಗಿ ಓಡುತ್ತಿದ್ದ ಬ್ಯಾಂಡು ಯಾಕೆ ಮುಚ್ಚಿತು? ಒಳಗೊಳಗೇ ಜಗಳವಾ? ದುಡ್ಡಿನ ವಿಷಯವಾ?

ಉತ್ತರ: ಎರಡೂ ಅಲ್ಲ. ಬೇಜಾರು. ನಂಬೋದು ಕಷ್ಟ, ಆದರೆ ಅಷ್ಟೇ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಬ್ಯಾಂಡು ಕಟ್ಟಿದವನು ಗ್ರೆಗ್ ಅಲೆಕ್ಸಾಂಡರ್, ಮಿಶಿಗನ್ ರಾಜ್ಯದವನು, ಹುಟ್ಟಿದ್ದು 1970ರಲ್ಲಿ. ಹದಿಹರೆಯದಲ್ಲೇ ಮನೆ ಬಿಟ್ಟು ಲಾಸ್ ಏಂಜಲೀಸಿಗೆ ಹೋದ. 1989ರಲ್ಲಿ ತನ್ನದೇ ಹೆಸರಿನಲ್ಲಿ ಒಂದು ಆಲ್ಬಂ ಮಾಡಿದ, ಯಾರೂ ಕೊಳ್ಳಲಿಲ್ಲ. 1992ರಲ್ಲಿ ಇನ್ನೊಂದು ಮಾಡಿದ, ಹಳೆಯ ಆಲ್ಬಮ್ಮಿನ ಕೆಲವು ಹಾಡುಗಳನ್ನೇ ಅದಕ್ಕೂ ಸೇರಿಸಿದ. ಅದೂ ಬಿತ್ತು. ಆಮೇಲೆ ಎಂಸಿಎ ಅನ್ನೋ ರೆಕಾರ್ಡ್ ಕಂಪನಿ ಜೊತೆ ನ್ಯೂ ರ‍್ಯಾಡಿಕಲ್ಸ್ ಅನ್ನೋ ಹೆಸರಿನಲ್ಲಿ ಮೂರನೇ ಸಲ ಶುರು ಮಾಡಿದ. 1998ರ ಅಕ್ಟೋಬರ್‌ನಲ್ಲಿ ಆಲ್ಬಂ ಬಂತು. ಹಾಡು ರೇಡಿಯೋ ಹಿಡಿಯಿತು. ಕೆನಡಾದಲ್ಲಿ ಮೊದಲ ಸ್ಥಾನ, ಬ್ರಿಟನ್ನಿನಲ್ಲಿ ಐದನೇ ಸ್ಥಾನ. ಆಲ್ಬಂ ಅಮೆರಿಕದಲ್ಲಿ ಪ್ಲಾಟಿನಂ ಆಯಿತು, ಅಂದರೆ ಹತ್ತು ಲಕ್ಷ ಪ್ರತಿಯ ಲೆಕ್ಕ. ಹತ್ತು ವರ್ಷ ಬಾಗಿಲು ತಟ್ಟಿದವನಿಗೆ ಕೊನೆಗೂ ಬಾಗಿಲು ತೆರೆಯಿತು.

ಒಳಗೆ ಹೋಗಿ ನೋಡಿದ, ಇಷ್ಟ ಆಗಲಿಲ್ಲ.

1999ರ ಜುಲೈನಲ್ಲಿ, ಆಲ್ಬಂ ಬಂದು ಒಂಬತ್ತು ತಿಂಗಳಾಗಿತ್ತು ಅಷ್ಟೇ, ಬ್ಯಾಂಡು ಮುಗಿಯಿತು ಅಂತ ಪತ್ರಿಕಾ ಹೇಳಿಕೆ ಕೊಟ್ಟುಬಿಟ್ಟ. ಅದರಲ್ಲಿ ಕೊಟ್ಟ ಕಾರಣ ಏನು ಗೊತ್ತಾ? ದಿನಕ್ಕೊಂದು ಹೋಟೆಲ್, ಮೂರು ಗಂಟೆ ನಿದ್ದೆ, ಬೆಳಗಾದರೆ ರೇಡಿಯೋದವರನ್ನೂ ಅಂಗಡಿಯವರನ್ನೂ ನಗುನಗುತ್ತಾ ಓಲೈಸುವುದು, ಇದು ನನ್ನಿಂದಾಗದು ಅಂತ. ಇನ್ನು ಮೇಲೆ ಬೇರೆಯವರಿಗೆ ಹಾಡು ಬರೆದು, ಪ್ರೊಡ್ಯೂಸ್ ಮಾಡಿಕೊಂಡು ಇರುತ್ತೇನೆ ಅಂತಲೂ ಹೇಳಿದ್ದ. ಎಲೆ ಹಾಕಿ ಪಾಯಸ ಬಡಿಸೋ ಹೊತ್ತಿಗೆ ಎದ್ದು ಕೈ ತೊಳೆದ ಹಾಗೆ. ಆಗ ಬಹಳ ಜನ ಇದನ್ನು ನೆಪ ಅಂದುಕೊಂಡರು. ಹೇಳಿದ ಮಾತನ್ನೇ ಈತ ಮುಂದೆ ಇಪ್ಪತ್ತು ವರ್ಷಕ್ಕೂ ಮೇಲೆ ಮಾಡಿಕೊಂಡು ಹೋಗಿದ್ದನ್ನು ನೋಡಿದ ಮೇಲೆ ನನಗಂತೂ ನಂಬಿಕೆ ಬಂದಿದೆ.

ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತೀವಲ್ಲ, ಒಂದು ಹಿಟ್ ಕೊಟ್ಟವರ ಪಾಡು ಸಾಮಾನ್ಯವಾಗಿ ಅದೇ. ಅರವತ್ತಾದರೂ ಅದೇ ಹಾಡು, ಅದೇ ಕುಣಿತ. ಈತ ಆ ದಾಸ ಆಗಲಿಲ್ಲ.

ಪ್ರಶ್ನೆ: ವಿಡಿಯೋದಲ್ಲಿ, ಫೋಟೋದಲ್ಲಿ ಆ ಟೋಪಿ ಹುಡುಗ ಒಬ್ಬನೇ ಎದ್ದು ಕಾಣುತ್ತಾನೆ. ಅದನ್ನು ಬ್ಯಾಂಡ್ ಅನ್ನೋದು ಸರಿಯಾ?

ಉತ್ತರ: ಒಳ್ಳೆ ಪ್ರಶ್ನೆ. ಹೆಸರಿಗೆ ಬ್ಯಾಂಡು, ವಾಸ್ತವದಲ್ಲಿ ಒಬ್ಬನ ಕಾರ್ಖಾನೆ. ಬರೆದವನು, ಹಾಡಿದವನು, ಪ್ರೊಡ್ಯೂಸ್ ಮಾಡಿದವನು ಎಲ್ಲ ಗ್ರೆಗ್ಗೇ. ವಾದ್ಯ ನುಡಿಸುವವರು ಬಂದು ಹೋಗುತ್ತಿದ್ದರು. ಕಾಯಂ ಅಂತ ಇದ್ದ ಇನ್ನೊಬ್ಬರು ಡೇನಿಯೆಲ್ ಬ್ರಿಸ್‌ಬ್ವಾ. ಆಕೆ ಚಿಕ್ಕ ಹುಡುಗಿಯಾಗಿದ್ದಾಗಲೇ 'ಆಲ್ ಇನ್ ದಿ ಫ್ಯಾಮಿಲಿ' ಅನ್ನೋ ಟಿವಿ ಧಾರಾವಾಹಿಯಲ್ಲಿ ನಟಿಸಿದ್ದವರು. ಅವರ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಂದ ಹಾಗೆ ಆ ವಿಡಿಯೋ ತೆಗೆದದ್ದು ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಮಾಲ್‌ನಲ್ಲಿ. ಹುಡುಗರು ಮಾಲ್‌ಗೆ ನುಗ್ಗಿ, ಸೂಟು ಬೂಟಿನ ಸಾಹೇಬರನ್ನು ಬಲೆ ಹಾಕಿ ಹಿಡಿದು ಬೋನಿಗೆ ತಳ್ಳುತ್ತಾರೆ. ಇವತ್ತಿಗೂ ನೋಡಿದರೆ ನಗು ಬರುತ್ತೆ.

ಪ್ರಶ್ನೆ: ಅಷ್ಟು ಹುರುಪಿನ ಹಾಡಿನ ಕೊನೆಯಲ್ಲಿ ಬೇರೆ ಗಾಯಕರ ಹೆಸರು ಹಿಡಿದು ಬೈದದ್ದು ಯಾಕೆ? ಹೊಟ್ಟೆಕಿಚ್ಚಾ?

ಉತ್ತರ: ಗ್ರೆಗ್ ಹೇಳುವ ಪ್ರಕಾರ ಅದೊಂದು ಪರೀಕ್ಷೆ. ಕೊನೆಯ ಸಾಲುಗಳಲ್ಲಿ ಮೊದಲು ಆರೋಗ್ಯ ವಿಮೆಯ ಮೋಸ, ಔಷಧಿಗಳ ಮೇಲೆ ಕಣ್ಣಿಡಬೇಕಾದ ಸರ್ಕಾರಿ ಸಂಸ್ಥೆ, ದೊಡ್ಡ ಬ್ಯಾಂಕಿನವರು, ಇವರನ್ನೆಲ್ಲ ತರಾಟೆಗೆ ತಗೊಳ್ಳುತ್ತಾನೆ. ಅದರ ಬೆನ್ನಿಗೇ ಬೆಕ್, ಹ್ಯಾನ್ಸನ್ ಸೋದರರು, ಕರ್ಟ್ನಿ ಲವ್, ಮರಿಲಿನ್ ಮ್ಯಾನ್ಸನ್ ಅಂತ ನಾಲ್ಕು ಹೆಸರು ತೆಗೆದು, ನಿಮಗೆ ಸರಿಯಾಗಿ ಬಾರಿಸುತ್ತೀವಿ ಅನ್ನುತ್ತಾನೆ. ಪತ್ರಿಕೆಯವರು ಯಾವುದನ್ನು ಎತ್ತಿಕೊಳ್ಳುತ್ತಾರೆ, ವಿಮೆಯನ್ನೋ ಸ್ಟಾರ್‌ಗಳನ್ನೋ ಅಂತ ನೋಡೋಣ ಅಂದನಂತೆ. ಫಲಿತಾಂಶ ನಿಮ್ಮ ಪ್ರಶ್ನೆಯಲ್ಲೇ ಇದೆ ಅಲ್ವಾ! ನೀವೂ ವಿಮೆಯ ಬಗ್ಗೆ ಕೇಳಲಿಲ್ಲ.

ಮ್ಯಾನ್ಸನ್‌ಗೆ ಸಿಟ್ಟು ಬಂತು. ಹೊಡೀತೀನಿ ಅಂದದ್ದಕ್ಕಲ್ಲ, ಕರ್ಟ್ನಿ ಲವ್ ಹೆಸರಿನ ಪಕ್ಕ ತನ್ನ ಹೆಸರು ಇಟ್ಟಿದ್ದಕ್ಕೆ. ಹ್ಯಾನ್ಸನ್ ಸೋದರರಂತೂ ಕೆಲವು ವರ್ಷಗಳ ನಂತರ ಇದೇ ಗ್ರೆಗ್ ಜೊತೆ ಕೂತು ಒಂದು ಹಾಡು ಬರೆದರು, ಅದು ಅವರ 2004ರ ಆಲ್ಬಂನಲ್ಲಿದೆ. ಹಾಗಾಗಿ ಹೊಟ್ಟೆಕಿಚ್ಚು ಅನ್ನೋದು ಬಿಡಿ. ಆದರೂ ನನಗನಿಸುವುದು ಹೇಳಲಾ? ಪರೀಕ್ಷೆ ಅನ್ನೋ ಮಾತಿನಲ್ಲಿ ಸ್ವಲ್ಪ ಜಾಣತನವೂ ಇದೆ. ನಾಲ್ಕು ಸ್ಟಾರ್‌ಗಳ ಹೆಸರು ಇಟ್ಟರೆ ಸುದ್ದಿ ಆಗುತ್ತೆ ಅಂತ ಗೊತ್ತಿಲ್ಲದಷ್ಟು ಅಮಾಯಕನೇನಲ್ಲ ಆತ.

ಪ್ರಶ್ನೆ: 'ಒಂದೇ ಹಿಟ್ಟಿನ ಬ್ಯಾಂಡ್' ಅನ್ನೋದಕ್ಕೆ ಏನಾದರೂ ಲೆಕ್ಕ ಇದೆಯಾ, ಇಲ್ಲ ಸುಮ್ನೆ ಬಾಯಿಗೆ ಬಂದ ಹಾಗೆ ಹೇಳೋದಾ?

ಉತ್ತರ: ಅಮೆರಿಕದಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ 'ಹಾಟ್ 100' ಪಟ್ಟಿಯಲ್ಲಿ ಮೊದಲ 40ರೊಳಗೆ ಒಂದೇ ಒಂದು ಹಾಡು ಬಂದವರು ಅನ್ನೋದು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ನ್ಯೂ ರ‍್ಯಾಡಿಕಲ್ಸ್ ಅಲ್ಲಿ ಏರಿದ್ದು 36ರವರೆಗೆ. ಅಂದರೆ ಇನ್ನೊಂದು ಐದು ಮೆಟ್ಟಿಲು ಕೆಳಗಿದ್ದಿದ್ದರೆ ತವರಿನಲ್ಲಿ ಇವರಿಗೆ 'ಒಂದೇ ಹಿಟ್' ಅನ್ನೋ ಪಟ್ಟವೂ ಸಿಗುತ್ತಿರಲಿಲ್ಲ!

ಪ್ರಶ್ನೆ: ಹಿಟ್ ಕೊಟ್ಟ ಮೇಲೆ ಬಿಟ್ಟು ಹೋಗೋದು ಮೂರ್ಖತನ ಅಲ್ವಾ? ಇನ್ನೆರಡು ವರ್ಷ ಹಲ್ಲು ಕಚ್ಚಿ ಸುತ್ತಿದ್ದರೆ ಜೀವನಕ್ಕೆ ಆಗುವಷ್ಟು ದುಡ್ಡು ಆಗುತ್ತಿತ್ತು.

ಉತ್ತರ: ಇಲ್ಲೇ ನಾವು ಎಡವೋದು. ಹಾಡು ಅಂದ ಕೂಡಲೇ ನಮಗೆ ಹಾಡಿದವರ ಮುಖ ನೆನಪಾಗುತ್ತೆ, ಬರೆದವರು ಯಾರು ಅಂತ ಕೇಳೋದೇ ಇಲ್ಲ. ದುಡ್ಡಿನ ಲೆಕ್ಕ ಬೇರೆ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತೆ: ಬರೆದ ಹಾಡಿನದು ಒಂದು, ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ್ದರದು ಇನ್ನೊಂದು. ಅಮೆರಿಕದಲ್ಲಿ ಮಾಮೂಲಿ ಎಫ್‌ಎಂ ರೇಡಿಯೋ ಒಂದು ಹಾಡು ಹಾಕಿದರೆ ರಾಯಲ್ಟಿ ಹೋಗುವುದು ಬರೆದವರಿಗೆ ಮತ್ತು ಅವರ ಪಬ್ಲಿಷರ್‌ಗೆ. ಹಾಡಿದವರಿಗೆ ಬಿಡಿಗಾಸೂ ಇಲ್ಲ. ಬೇರೆ ಯಾರೋ ಅದೇ ಹಾಡನ್ನು ಮತ್ತೆ ಹಾಡಿದರೂ ಬರೆದವರ ಪಾಲು ಅವರಿಗೆ ಬರುತ್ತೆ. ಹಾಗಾಗಿ ಗ್ರೆಗ್ ಬಿಟ್ಟದ್ದು ವೇದಿಕೆಯನ್ನು, ಅಂಗಡಿಯನ್ನಲ್ಲ.

ಬಿಟ್ಟ ಮರುವರ್ಷವೇ ನೋಡಿ. 2000ದಲ್ಲಿ ಐರ್ಲೆಂಡಿನ ರೋನನ್ ಕೀಟಿಂಗ್ ಹಾಡಿದ 'ಲೈಫ್ ಈಸ್ ಎ ರೋಲರ್‌ಕೋಸ್ಟರ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಬರೆದವರಲ್ಲಿ ಒಬ್ಬ ಗ್ರೆಗ್. ತಾನೇ ಹಾಡಿದ್ದು ಐದನೇ ಸ್ಥಾನ, ಇನ್ನೊಬ್ಬನಿಗೆ ಕೊಟ್ಟದ್ದು ಒಂದನೇ ಸ್ಥಾನ. 2002ರಲ್ಲಿ ಸಂತಾನ ಅನ್ನೋ ಬ್ಯಾಂಡ್ ಮತ್ತು ಗಾಯಕಿ ಮಿಶೆಲ್ ಬ್ರಾಂಚ್ ಅವರ 'ದಿ ಗೇಮ್ ಆಫ್ ಲವ್' ಬಂತು, ಮರುವರ್ಷ ಗ್ರ್ಯಾಮಿ ಗೆದ್ದಿತು. ಅದರ ಬರಹಗಾರರಲ್ಲಿ 'ಅಲೆಕ್ಸ್ ಆಂಡರ್' ಅಂತ ಒಂದು ಹೆಸರಿದೆ. ಬೇರೆ ಯಾರೂ ಅಲ್ಲ, ಇವನೇ. ಅಡಗಿಕೊಳ್ಳೋದರಲ್ಲೂ ಎಷ್ಟು ಸೋಮಾರಿತನ ನೋಡಿ, ಸ್ವಂತ ಹೆಸರನ್ನೇ ಎರಡು ತುಂಡು ಮಾಡಿದ್ದಾನೆ.

ಇನ್ನು 2001ರ 'ಮರ್ಡರ್ ಆನ್ ದಿ ಡ್ಯಾನ್ಸ್‌ಫ್ಲೋರ್' ಕಥೆ ಇನ್ನೂ ಚೆನ್ನಾಗಿದೆ. ಹಾಡಿದ್ದು ಸೋಫಿ ಎಲಿಸ್ ಬೆಕ್ಸ್‌ಟರ್. ಆದರೆ ಗ್ರೆಗ್ ಅದನ್ನು ಶುರು ಮಾಡಿದ್ದು ತೊಂಬತ್ತರ ದಶಕದಲ್ಲಿ. ನ್ಯೂ ರ‍್ಯಾಡಿಕಲ್ಸ್‌ನ ಮೊದಲ ಸಿಂಗಲ್ (ಆಲ್ಬಮ್ಮಿನಿಂದ ಬಿಡಿಯಾಗಿ ಹೊರತರುವ ಹಾಡು) ಇದಾಗಬೇಕಾ, ಇಲ್ಲ 'ಯು ಗೆಟ್ ವಾಟ್ ಯು ಗಿವ್' ಆಗಬೇಕಾ ಅಂತ ತಲೆ ಕೆಡಿಸಿಕೊಂಡಿದ್ದನಂತೆ. ಸೋಫಿಗೆ ಕೊಟ್ಟ ಮೇಲೆ ಬ್ರಿಟನ್ನಿನಲ್ಲಿ ಎರಡನೇ ಸ್ಥಾನ. ಅಲ್ಲಿಗೆ ಮುಗೀತು ಅಂದುಕೊಂಡರೆ, 2023ರ ಕೊನೆಗೆ 'ಸಾಲ್ಟ್‌ಬರ್ನ್' ಸಿನಿಮಾದ ಕೊನೆಯ ದೃಶ್ಯದಲ್ಲಿ ಅದನ್ನು ಬಳಸಿದರು. 2024ರ ಜನವರಿಯಲ್ಲಿ ಆ ಹಾಡು ಮತ್ತೆ ಎರಡನೇ ಸ್ಥಾನಕ್ಕೆ ಬಂದು ಕೂತಿತು. ಇಪ್ಪತ್ತೆರಡು ವರ್ಷದ ಹಳೆ ಹಾಡು!

ಡೇನಿಯೆಲ್ ಹೆಸರು ನೆನಪಿಡಿ ಅಂದಿದ್ದೆ. ನಟಾಶಾ ಬೆಡಿಂಗ್‌ಫೀಲ್ಡ್ ಹಾಡಿದ 2004ರ 'ಅನ್‌ರಿಟನ್' ಬರೆದವರಲ್ಲಿ ಆಕೆಯೂ ಒಬ್ಬರು. ಅದಕ್ಕೂ ಅದೇ 2023ರ ಡಿಸೆಂಬರ್‌ನಲ್ಲಿ 'ಎನಿವನ್ ಬಟ್ ಯು' ಸಿನಿಮಾದಿಂದ ಮರುಜೀವ ಬಂತು. ಮುಚ್ಚಿಹೋದ ಒಂದೇ ಬ್ಯಾಂಡಿನ ಇಬ್ಬರು ಬರೆದ ಎರಡು ಬೇರೆ ಬೇರೆ ಹಾಡು, ಒಂದೇ ಚಳಿಗಾಲದಲ್ಲಿ, ಎರಡು ಬೇರೆ ಸಿನಿಮಾಗಳಿಂದ ಎದ್ದು ಕೂತವು. ಈ ಇಬ್ಬರೂ ಸೇರಿ 'ಬಿಗಿನ್ ಅಗೇನ್' ಸಿನಿಮಾಕ್ಕೆ ಬರೆದ 'ಲಾಸ್ಟ್ ಸ್ಟಾರ್ಸ್' 2015ರಲ್ಲಿ ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು, ಗೆಲ್ಲಲಿಲ್ಲ.

ಈಗ ಹೇಳಿ, ಮೂರ್ಖತನವಾ?

ಪ್ರಶ್ನೆ: ಬೈಡನ್ ಅಧ್ಯಕ್ಷರಾದಾಗ ಇವರು ಹಾಡಿದ್ದರು ಅಂತ ಓದಿದ ನೆನಪು. ನಿಜವಾ?

ಉತ್ತರ: ನಿಜ. 2021ರ ಜನವರಿ 20, ಪ್ರಮಾಣವಚನದ ದಿನ. ಕೋವಿಡ್ ಇದ್ದ ಕಾರಣ ಮೆರವಣಿಗೆಯನ್ನು ವಿಡಿಯೋದಲ್ಲೇ ಮಾಡಿದ್ದರು, ಅದರ ಕೊನೆಯಲ್ಲಿ ಇವರು ಅದೇ ಹಾಡು ಹಾಡಿದರು. ಇಪ್ಪತ್ತೆರಡು ವರ್ಷಗಳ ನಂತರ, ಒಂದೇ ಒಂದು ಸಲ. ಕಾರಣ ಬೈಡನ್ ಅವರ ಮಗ ಬೋ. ಬೋ ಮೆದುಳಿನ ಕ್ಯಾನ್ಸರ್‌ನಿಂದ 2015ರಲ್ಲಿ ತೀರಿಕೊಂಡರು. ಕಾಯಿಲೆಯ ದಿನಗಳಲ್ಲಿ ಬೆಳಗಿನ ತಿಂಡಿ ಹೊತ್ತಿಗೆ ಮಗ ಈ ಹಾಡನ್ನು ಹಾಕಿ ತನಗೆ ಕೇಳಿಸುತ್ತಿದ್ದ ಅಂತ ತಂದೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಕಮಲಾ ಹ್ಯಾರಿಸ್ ಅವರ ಪತಿ ಡಗ್ ಎಮ್‌ಹಾಫ್ ಚುನಾವಣಾ ಸಭೆಗಳಲ್ಲಿ ವೇದಿಕೆ ಹತ್ತುತ್ತಿದ್ದದ್ದೂ ಇದೇ ಹಾಡಿಗೆ.

ನಮ್ಮ 'ಮಾಡಿದ್ದುಣ್ಣೋ ಮಹಾರಾಯ' ಇದೆಯಲ್ಲ, ಈ ಹಾಡಿನ ಹೆಸರೂ ಹೆಚ್ಚುಕಡಿಮೆ ಅದೇ ಮಾತು. ಆದರೆ ನಾವು ಅದನ್ನು ಯಾರಿಗಾದರೂ ಕೆಟ್ಟದಾದಾಗ ಹೇಳುತ್ತೀವಿ, ಇವರು ಧೈರ್ಯ ತುಂಬೋಕೆ ಹಾಡಿದರು. ರೋಗಿಯೊಬ್ಬ ದಿನಾ ಬೆಳಗ್ಗೆ ಕೇಳುವಂಥ ಹಾಡು ಬರೆಯೋದು ಸುಲಭ ಅಲ್ಲ.

ಪ್ರಶ್ನೆ: ಇವರ ಇನ್ನೊಂದು ಹಾಡು ಯಾವುದಾದರೂ ಹೇಳಿ, ಕೇಳಬೇಕು.

ಉತ್ತರ: 'ಸಮ್‌ಡೇ ವಿ ವಿಲ್ ನೋ'. ಪ್ರೀತಿ ಮುರಿದ ಮೇಲೆ ಉತ್ತರ ಸಿಗದ ಪ್ರಶ್ನೆಗಳನ್ನು ಒಂದರ ಮೇಲೊಂದು ಕೇಳಿಕೊಂಡು ಹೋಗುವ ಹಾಡು. ನನಗೆ ಹಿಟ್ ಆದದ್ದಕ್ಕಿಂತ ಇದೇ ಜಾಸ್ತಿ ಇಷ್ಟ. ಇದನ್ನು ಎರಡನೇ ಸಿಂಗಲ್ ಅಂತ ತಂದರು, ಆದರೆ ಅದು ಹೊರಬರುವ ಹೊತ್ತಿಗೆ ಬ್ಯಾಂಡೇ ಇರಲಿಲ್ಲ, ಗ್ರೆಗ್ ಎರಡು ವಾರ ಮೊದಲೇ ಬಾಗಿಲು ಹಾಕಿ ಆಗಿತ್ತು. ಪ್ರಚಾರ ಮಾಡೋಕೆ ಯಾರು ಹೋಗುತ್ತಾರೆ? ಮಲಗಿತು. ಆಮೇಲೆ 2002ರಲ್ಲಿ 'ಎ ವಾಕ್ ಟು ರಿಮೆಂಬರ್' ಸಿನಿಮಾಕ್ಕೆ ಮ್ಯಾಂಡಿ ಮೂರ್ ಮತ್ತು ಜಾನ್ ಫೋರ್‌ಮನ್ ಇದನ್ನು ಮತ್ತೆ ಹಾಡಿದರು. ಅದರಿಂದಲೇ ಈ ಹಾಡು ಗೊತ್ತಾದವರು ಬಹಳ ಜನ. ಎರಡೂ ಸಿಗುತ್ತೆ, ಮೊದಲು ಗ್ರೆಗ್‌ನದು ಕೇಳಿ.