ಕೈಕೊಡದ ಕೈಗವಸು

ಈ ಹಿಮದ ನಾಡಿಗೆ ಬಂದು ಮೂರು ತಿಂಗಳಾಗಿದೆ, ಇದು ಮೊದಲ ಚಳಿಗಾಲ, ಮುಂದಿನ ತಿಂಗಳು ಸಹೋದ್ಯೋಗಿಗಳು ಸ್ಕೀ ಬೆಟ್ಟಕ್ಕೆ ಕರೆದಿದ್ದಾರೆ ಎಂದು ಬರೆದಿದ್ದೀರಿ. ಸ್ಕೀ ಕಟ್ಟಿಕೊಳ್ಳುವುದೋ ಸ್ನೋಬೋರ್ಡ್ ಹತ್ತುವುದೋ ಇನ್ನೂ ತೀರ್ಮಾನವಾಗಿಲ್ಲ, ಆದರೆ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೇ ಬೆರಳುಗಳು ಮರಗಟ್ಟುತ್ತವೆ. ಅಂಗಡಿಯಲ್ಲಿರುವುದರಲ್ಲಿ ಎಲ್ಲಕ್ಕಿಂತ ದಪ್ಪನೆಯ ಕೈಗವಸು ಕೊಂಡರೆ ಸಾಕೇ, ಅದು ನಾಲ್ಕಾರು ವರ್ಷ ಬಾಳುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ.

ಹೋಗಿಬನ್ನಿ, ಅದು ಮೊದಲ ಮಾತು. ಇಲ್ಲಿಯ ಚಳಿಗಾಲ ಉದ್ದ. ಕಿಟಕಿಯೊಳಗೆ ಕುಳಿತು ಅದನ್ನು ಶಪಿಸುತ್ತಲೇ ಕಳೆದವರನ್ನು ಈ 19 ವರ್ಷಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಮೊದಲ ಎರಡು ವರ್ಷ ನಾನೂ ಅವರಲ್ಲೊಬ್ಬನಾಗಿದ್ದೆ. ಎರಡನೆಯ ಮಾತು: ದಪ್ಪ ಎಂಬ ಪದವನ್ನು ತಲೆಯಿಂದ ತೆಗೆದುಹಾಕಿ. ನನ್ನನ್ನು ಕೆಡಿಸಿದ್ದೇ ಅದು.

ನಾನು ಮೊದಲ ಸಲ ಬೆಟ್ಟಕ್ಕೆ ಹೋದಾಗ ಹಾಕಿಕೊಂಡಿದ್ದು ಎರಡು ಪದರದ ಉಣ್ಣೆಯ ಗವಸು. ಮುಟ್ಟಿದರೆ ಬೆಕ್ಕಿನ ಮರಿಯಷ್ಟು ಮೆತ್ತಗೆ, ಅಷ್ಟೇ ಬೆಚ್ಚಗೆ. ಹಿಮವನ್ನು ಚಿತ್ರದಲ್ಲಷ್ಟೇ ಕಂಡು ಬೆಳೆದ ನಮ್ಮಂಥವರಿಗೆ ಒಂದು ವಿಷಯ ಹೊಳೆಯುವುದೇ ಇಲ್ಲ. ಕಲಿಯುವವರು ಬೆಟ್ಟದಲ್ಲಿ ಜಾರುವುದಕ್ಕಿಂತ ಹೆಚ್ಚು ಹೊತ್ತು ಬಿದ್ದಿರುತ್ತಾರೆ, ಬಿದ್ದವರು ಏಳುವುದು ಕೈಯೂರಿ. ನಾಲ್ಕನೆಯ ಸಲ ಏಳುವ ಹೊತ್ತಿಗೆ ಉಣ್ಣೆಯ ಎಳೆ ಎಳೆಗೂ ಹಿಮದ ಗುಂಡುಗಳು ಉತ್ತರಾಣಿ ಬೀಜದಂತೆ ಕಚ್ಚಿಕೊಂಡಿದ್ದವು. ಬೆಟ್ಟದ ತುದಿಗೆ ಒಯ್ಯುವ ತೂಗುಕುರ್ಚಿಯ ಲಿಫ್ಟಿನಲ್ಲಿ ಕುಳಿತಾಗ ಕೈಯ ಬಿಸಿಗೆ ಅವು ಕರಗಿದವು. ತುದಿಯಲ್ಲಿ ಗಾಳಿ ಬೀಸಿದಾಗ ಒದ್ದೆ ಉಣ್ಣೆ ಹಪ್ಪಳದಂತೆ ಸೆಟೆಯಿತು. ಮಧ್ಯಾಹ್ನ ಬೂಟಿನ ಬಕಲ್ ಬಿಚ್ಚಲು ಹೋದರೆ ಬೆರಳು ಮಡಚುತ್ತಲೇ ಇಲ್ಲ. ಪಕ್ಕದ ಬೆಂಚಿನಲ್ಲಿದ್ದ ಏಳೆಂಟು ವರ್ಷದ ಹುಡುಗಿಯೊಬ್ಬಳು ಏನೂ ಕೇಳದೆ ಬಗ್ಗಿ ನಾಲ್ಕೂ ಬಕಲ್‌ಗಳನ್ನು ಪಟಪಟನೆ ಬಿಚ್ಚಿದಳು. ಆಮೇಲೆ ನನ್ನ ಗವಸನ್ನು ಎತ್ತಿ ಹಿಂಡಿದಳು. ನೆಲಕ್ಕೆ ಬಿದ್ದ ನೀರನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಹೊರಟುಹೋದಳು.

ಕೈಗವಸು ಬಿಸಿಯನ್ನು ಹುಟ್ಟಿಸುವುದಿಲ್ಲ. ಬಿಸಿ ಬರುವುದು ನಿಮ್ಮ ರಕ್ತದಿಂದ. ಅದನ್ನು ಹಿಡಿದಿಡುವುದು ಎಳೆಗಳ ನಡುವೆ ಅಲುಗದೆ ನಿಂತ ಗಾಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಗಾಳಿ ಇರಬೇಕಾದ ಜಾಗಕ್ಕೆ ನೀರು ನುಗ್ಗಿತೆಂದರೆ ಗವಸು ಎಷ್ಟು ದಪ್ಪವಿದ್ದರೂ ಅಷ್ಟೂ ದಪ್ಪದ ಒದ್ದೆ ಬಟ್ಟೆ, ಅಷ್ಟೇ. ಒಣಗಿರುವ ತೆಳು ಗವಸು ಒದ್ದೆಯಾದ ದಪ್ಪ ಗವಸಿಗಿಂತ ಮೇಲು ಎಂಬ ಒಂದು ವಿಷಯ ಮನಸ್ಸಿಗೆ ಇಳಿದರೆ ಅಂಗಡಿಯ ಅರ್ಧ ಗೋಡೆಯನ್ನು ನೋಡದೆಯೇ ದಾಟಬಹುದು.

ಒದ್ದೆ ಎರಡು ಕಡೆಯಿಂದ ಬರುತ್ತದೆ. ಹೊರಗಿನಿಂದ ಹಿಮ, ಒಳಗಿನಿಂದ ಬೆವರು. ಚಳಿಯಲ್ಲಿ ಬೆವರೇ ಎಂದು ನಗಬೇಡಿ. ಬಿದ್ದು ಎದ್ದು ಅರ್ಧ ಗಂಟೆಯಾಗುವಷ್ಟರಲ್ಲಿ ಅಂಗೈ ತೇವವಾಗಿರುತ್ತದೆ. ರಬ್ಬರ್ ಗವಸು ಹಿಮವನ್ನು ತಡೆಯುತ್ತದೆ, ಬೆವರನ್ನೂ ಒಳಗೇ ಕೂಡಿಹಾಕುತ್ತದೆ. ಇದಕ್ಕಾಗಿಯೇ ಒಳ್ಳೆಯ ಗವಸುಗಳಲ್ಲಿ ಉಸಿರಾಡುವ ಪೊರೆಯೊಂದಿರುತ್ತದೆ. ಗೋರ್‌ಟೆಕ್ಸ್ ಎಂಬ ಹೆಸರನ್ನು ನೀವು ಜಾಕೆಟ್‌ಗಳ ಮೇಲೆ ನೋಡಿರುತ್ತೀರಿ. 1969ರಲ್ಲಿ ಬಾಬ್ ಗೋರ್ ಎಂಬವರು ಕಾಯಿಸಿದ ಪಿಟಿಎಫ್‌ಇ (ಟೆಫ್ಲಾನ್ ಎಂದು ನಮಗೆ ಗೊತ್ತಿರುವ ಪ್ಲಾಸ್ಟಿಕ್) ಸರಳುಗಳನ್ನು ಮೆಲ್ಲಗೆ ಎಳೆದು ಹಿಗ್ಗಿಸಲು ನೋಡುತ್ತಿದ್ದರಂತೆ, ಅವು ತುಂಡಾಗುತ್ತಲೇ ಇದ್ದವು. ಬೇಸತ್ತು ಒಮ್ಮೆ ಜೋರಾಗಿ ಜಗ್ಗಿದರು. ಸರಳು ತುಂಡಾಗುವ ಬದಲು ಉದ್ದಕ್ಕೆ ಹಿಗ್ಗಿ ಒಳಗೆಲ್ಲ ಸೂಕ್ಷ್ಮ ರಂಧ್ರಗಳ ಜಾಲವಾಯಿತು. ನೀರಿನ ಹನಿ ತೂರದ, ಬೆವರಿನ ಆವಿ ಮಾತ್ರ ತೂರುವ ಪೊರೆ ಬಂದದ್ದು ಹೀಗೆ. ತಾಳ್ಮೆಗೆಟ್ಟವರಿಗೂ ಒಮ್ಮೊಮ್ಮೆ ಒಳ್ಳೆಯದಾಗುತ್ತದೆ! ಈ ಕೆಲಸ ಮಾಡುವ ಬೇರೆ ಪೊರೆಗಳೂ ಈಗ ಇವೆ, ಹೆಸರಿಗೆ ಜೋತುಬೀಳಬೇಕಾಗಿಲ್ಲ. ಆದರೆ ಚೀಟಿಯಲ್ಲಿ ಬರೆದಿರುವುದು ನೀರು ತಡೆಯುವುದೋ, ಬರೀ ನೀರಿಗೆ ಒಂದಿಷ್ಟು ಎದುರು ನಿಲ್ಲುವುದೋ ಎಂದು ಓದಿ. ಎರಡನೆಯದು ಮೊದಲ ಗಂಟೆಯ ಮಾತು.

ಒಂದು ಸೂಕ್ಷ್ಮವಿದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಗವಸುಗಳಲ್ಲಿ ಈ ಪೊರೆ ಸಾಮಾನ್ಯವಾಗಿ ಹೊರಪದರಕ್ಕೂ ಒಳಪದರಕ್ಕೂ ನಡುವೆ ಚೀಲದಂತೆ ಕೂತಿರುತ್ತದೆ. ಅಂದರೆ ಹೊರಗಿನ ಬಟ್ಟೆಯೋ ಚರ್ಮವೋ ನೀರು ಕುಡಿಯಬಹುದು, ಕುಡಿಯುತ್ತದೆ ಕೂಡ. ಆಗ ನಿಮ್ಮ ಬೆರಳು ಒಣಗಿಯೇ ಇದ್ದರೂ ಸುತ್ತ ತಣ್ಣನೆಯ ಒದ್ದೆ ಹೊದಿಕೆ. ಬೆವರಿನ ಆವಿಗೂ ಹೊರಹೋಗಲು ದಾರಿ ಇಲ್ಲ. ಪೊರೆ ಇದೆ ಎಂದು ನೆಮ್ಮದಿಯಿಂದಿರುವಂತಿಲ್ಲ, ಹೊರಗಿನದನ್ನೂ ನೋಡಿಕೊಳ್ಳಬೇಕು. ನಾನು ಚರ್ಮದ ಗವಸು ಹಿಡಿದು ಬಾಳುವೆ ನಡೆಸುತ್ತಿರುವುದು ಈ ಕಾರಣಕ್ಕೆ.

ಬಾಳಿಕೆಯ ಪ್ರಶ್ನೆಗೆ ಉತ್ತರ ಅಂಗೈಯಲ್ಲೇ ಇದೆ. ಗವಸು ಸವೆಯುವುದು, ಹರಿಯುವುದು ಎಲ್ಲ ಅಲ್ಲೇ: ಸ್ಕೀಯನ್ನು ಹೆಗಲಿಗೇರಿಸುವಾಗ ಅದರ ಉಕ್ಕಿನ ಅಂಚು ಕೊಯ್ಯುವ ಜಾಗ, ಹಗ್ಗದ ಲಿಫ್ಟ್ ಹಿಡಿದರೆ ಹಗ್ಗ ಉಜ್ಜುವ ಜಾಗ, ಕೈಯಲ್ಲಿ ಹಿಡಿಯುವ ಸ್ಕೀ ಕೋಲು ತಿರುಗುವ ಹೆಬ್ಬೆರಳು ತೋರುಬೆರಳಿನ ಸಂದು. ಅಗ್ಗದ ಗವಸುಗಳ ಅಂಗೈಗೆ ಚರ್ಮದಂತೆ ಕಾಣುವ ಕೃತಕ ಹಾಳೆ ಅಂಟಿಸಿರುತ್ತಾರೆ. ಅದು ಕೆಲವೇ ಋತುಗಳಲ್ಲಿ ಹಳೆಯ ಸೋಫಾದಂತೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ನಿಜವಾದ ಚರ್ಮದಲ್ಲಿ ಹಸುವಿನದು ಗಟ್ಟಿ, ಮೊದಲ ಕೆಲವು ದಿನ ಮರದ ಹಲಗೆಯಂತೆ ಬಾಗುವುದಿಲ್ಲ. ಆಡಿನದು ತೆಳು, ಮೃದು, ಆದರೂ ಬಹಳ ಗಟ್ಟಿಮುಟ್ಟು. ಕೋಲಿನ ಹಿಡಿತವೂ ಬೆರಳಿಗೆ ತಿಳಿಯುತ್ತದೆ. ನನ್ನ ಮತ ಆಡಿಗೆ. ಸ್ವೀಡನ್ನಿನ ಹೆಸ್ಟ್ರಾ ಎಂಬ ಸಣ್ಣ ಊರಿನಲ್ಲಿ 1936ರಲ್ಲಿ ಶುರುವಾಗಿ ಅದೇ ಹೆಸರಿನಿಂದ ಇಂದಿಗೂ ಗವಸು ಹೊಲಿಯುವವರು ಮೊದಲು ಹೊಲಿದದ್ದು ಕಾಡಿನಲ್ಲಿ ಮರ ಕಡಿಯುವವರಿಗೆ. ಸ್ಕೀ ಗವಸಿನ ಹಿಂದೆ ದುಡಿಮೆಯ ಗವಸು ಇದೆ ಎಂಬುದನ್ನು ನೆನಪಿಟ್ಟುಕೊಂಡರೆ ಕಣ್ಣು ತಾನಾಗಿ ಬಣ್ಣವನ್ನು ಬಿಟ್ಟು ಹೊಲಿಗೆಯ ಕಡೆಗೆ ಹೋಗುತ್ತದೆ. ಆ ಸಂದಿನಲ್ಲಿ ಹೆಚ್ಚುವರಿ ತುಂಡು ಹಾಕಿ ಎರಡು ಸಾಲು ಹೊಲಿದಿದ್ದಾರೆಯೇ, ಬೆರಳ ತುದಿಗಳ ಹೊಲಿಗೆಯಲ್ಲಿ ದಾರ ಸಡಿಲವಾಗಿದೆಯೇ ನೋಡಿ. ಮುಂದೆ ಹೊಲಿಗೆ ಬಿಟ್ಟರೆ ಮೇಣ ಹಚ್ಚಿದ ದಾರ, ದಪ್ಪ ಸೂಜಿ ಸಾಕು. ಕೃತಕ ಹಾಳೆ ಸಿಪ್ಪೆ ಎದ್ದರೆ ಮಾಡಬಹುದಾದದ್ದು ಏನೂ ಇಲ್ಲ.

ಅಳತೆಗೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲೇ. ನೀವು ಹೆಚ್ಚು ಬಳಸುವ ಕೈಯ ಗೆಣ್ಣುಗಳ ಸುತ್ತ, ಹೆಬ್ಬೆರಳನ್ನು ಬಿಟ್ಟು, ಟೇಪು ಸುತ್ತಿ. ಅಂಕಿಯಲ್ಲಿ ಅಳತೆ ಕೊಡುವ ಗವಸುಗಳಲ್ಲಿ 8, 9 ಎಂದಿರುವುದು ಸುಮಾರಾಗಿ ಅಷ್ಟು ಅಂಗುಲದ ಸುತ್ತಳತೆ. ಆಮೇಲೆ ಹಾಕಿ ನೋಡಿ: ಬೆರಳ ತುದಿಯಾಚೆ ಅರ್ಧ ಸೆಂಟಿಮೀಟರ್ ಖಾಲಿ ಇರಬೇಕು, ಮುಷ್ಟಿ ಕಟ್ಟಿದಾಗ ಗೆಣ್ಣಿನ ಮೇಲೆ ಎಳೆಯಬಾರದು. ಬಿಗಿಯಾದರೆ ಒಳಗಿನ ಗಾಳಿ ಹಿಂಡಿಹೋಗುತ್ತದೆ, ರಕ್ತದ ಓಡಾಟಕ್ಕೂ ಅಡ್ಡಿ. ಎರಡು ಜೊತೆ ಗವಸು ಒಂದರ ಮೇಲೊಂದು ತುರುಕಿಕೊಂಡು ಇನ್ನಷ್ಟು ನಡುಗುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅಂಗಡಿಯಲ್ಲಿ ನಿಂತೇ ಜಾಕೆಟ್ಟಿನ ಜಿಪ್ ಎಳೆಯಿರಿ, ಹೆಲ್ಮೆಟ್ಟಿನ ಪಟ್ಟಿ ಹಾಕಿ ತೆಗೆಯಿರಿ. ಕೊನೆಗೆ ಕೈಯನ್ನು ಐದಾರು ಸಲ ಸರಕ್ಕನೆ ಹೊರಗೆಳೆಯಿರಿ. ಬೆರಳಿನ ಜೊತೆ ಒಳಪದರವೂ ಈಚೆ ಬಂದರೆ ಅಲ್ಲೇ ಇಟ್ಟು ಬನ್ನಿ. ಒದ್ದೆ ಕೈಗೆ ಅಂಟಿ ಈಚೆ ಬಂದ ಒಳಪದರದ ಐದು ಬೆರಳುಗಳನ್ನು ಅವುಗಳ ಗೂಡಿಗೆ ಒಂದೊಂದಾಗಿ ವಾಪಸು ಕಳಿಸುವ ಕೆಲಸವನ್ನು ನಾನು ಒಮ್ಮೆ ಬಿರುಗಾಳಿಯಲ್ಲಿ ಪೆನ್ಸಿಲ್ಲಿನ ಹಿಂತುದಿಯಿಂದ ಮಾಡಿದ್ದೇನೆ. ಕಿರುಬೆರಳು ಕೊನೆಯವರೆಗೂ ಒಪ್ಪಲಿಲ್ಲ.

ಇನ್ನು ಬೆರಳಿನ ಗವಸೋ, ನಾಲ್ಕು ಬೆರಳಿಗೂ ಒಂದೇ ಚೀಲವಿರುವ ಮಿಟನ್ನೋ? ನಿಮ್ಮ ಕೈ ಬಸ್ ನಿಲ್ದಾಣದಲ್ಲೇ ಮರಗಟ್ಟುವುದಾದರೆ ಮಿಟನ್. ನಾಲ್ಕು ಬೆರಳು ಒಂದೇ ಕೋಣೆಯಲ್ಲಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ. ಬೇರೆ ಬೇರೆಯಿದ್ದರೆ ಪ್ರತಿಯೊಂದೂ ತನ್ನ ಪಾಡಿಗೆ ತಣ್ಣಗಾಗುತ್ತದೆ. ಮಿಟನ್‌ನಲ್ಲಿ ಸ್ಕೀ ಕೋಲು ಹಿಡಿಯಲಾಗದು ಎನ್ನುವುದು ಹಾಕಿ ನೋಡದವರ ಮಾತು. ಜಿಪ್, ಬಕಲ್‌ಗಳಿಗೆ ಮಾತ್ರ ಕಷ್ಟ. ತೋರುಬೆರಳಿಗೆ ಬೇರೆ ಮನೆ ಮಾಡಿ ಉಳಿದವನ್ನು ಒಟ್ಟಿಗೆ ಇಡುವ ಮೂರು ಬೆರಳಿನ ಗವಸೂ ಇದೆ, ನೋಡಲು ಏಡಿಯ ಕೊಂಡಿ. ನಾನು ಈಗ ಹಾಕುವುದು ಅದನ್ನೇ, ಮನೆಯವರು ನಗುತ್ತಾರೆ.

ಸ್ನೋಬೋರ್ಡಿನ ಕಡೆ ಮನಸ್ಸಿದ್ದರೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಕೋಲಿಲ್ಲ, ಆದರೆ ಕೈ ಸದಾ ಹಿಮದಲ್ಲೇ: ಕುಳಿತು ಪಟ್ಟಿ ಬಿಗಿಯಬೇಕು, ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗಿಗೆ ಮೆತ್ತಿದ ಹಿಮ ಕೆರೆಯಬೇಕು, ತಿರುವಿನಲ್ಲಿ ಅಂಗೈ ನೆಲ ಸವರುತ್ತದೆ. ಕಲಿಯುವಾಗ ಹೆಚ್ಚು ಪೆಟ್ಟು ಬೀಳುವುದು ಮಣಿಕಟ್ಟಿಗೆ, ಹಾಗಾಗಿ ಮಣಿಕಟ್ಟಿನ ಕವಚ ಕಟ್ಟಿಕೊಳ್ಳಿ. ಅದನ್ನು ಕಟ್ಟಿಕೊಂಡೇ ಅಂಗಡಿಗೆ ಹೋಗಿ, ಇಲ್ಲದಿದ್ದರೆ ಬೆಟ್ಟದ ಬುಡದಲ್ಲಿ ನಿಂತು ಗವಸಿನೊಳಗೆ ಕವಚ ತೂರದೆ ಒದ್ದಾಡುತ್ತೀರಿ. ಸ್ಕೀಯಾದರೆ ಹೆಬ್ಬೆರಳನ್ನು ಕಾಯಬೇಕು. ಕೋಲು ಹಿಡಿದು ಬಿದ್ದಾಗ ಅದರ ಬುಡದ ಅಸ್ಥಿಬಂಧ ಹರಿಯುವುದಕ್ಕೆ ಸ್ಕೀಯರ್ಸ್ ಥಂಬ್ ಎಂದೇ ಹೆಸರು. ಬೀಳುವಾಗ ಕೋಲನ್ನು ಬಿಟ್ಟುಬಿಡಿ. ಎರಡರಲ್ಲೂ, ಮೊದಲ ವರ್ಷಕ್ಕೆ, ಜಾಕೆಟ್ಟಿನ ತೋಳಿನ ಮೇಲೆ ಹತ್ತುವ ಉದ್ದ ಪಟ್ಟಿಯ ಗವಸೇ ಇರಲಿ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಎಳೆಯೂ ಬೇಕು: ಲಿಫ್ಟಿನಲ್ಲಿ ಕುಳಿತು ಮೊಬೈಲ್ ತೆಗೆಯಲು ಗವಸು ಬಿಚ್ಚುತ್ತೀರಿ, ಅದು ಹತ್ತಾಳುದ್ದ ಕೆಳಗಿನ ಹಿಮಕ್ಕೆ ನಿಧಾನವಾಗಿ ಇಳಿಯುವುದನ್ನು ನೋಡುತ್ತೀರಿ.

ಒಳಗಿನ ತುಂಬಿಕೆಯ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ, ನಾನು ಎರಡು ವಾಕ್ಯದಲ್ಲಿ ಮುಗಿಸುತ್ತೇನೆ. ಹಕ್ಕಿಯ ನವಿರು ಒಣಗಿದ್ದಾಗ ಅದಕ್ಕೆ ಸಾಟಿಯಿಲ್ಲ, ಒದ್ದೆಯಾದರೆ ಮುದ್ದೆ. ಪ್ರೈಮಾಲಾಫ್ಟ್, ಥಿನ್ಸುಲೇಟ್‌ನಂಥ ಕೃತಕ ನಾರುಗಳು ಒದ್ದೆಯಾದರೂ ಅಷ್ಟಿಷ್ಟು ಕಾಯುತ್ತವೆ, ಕಲಿಯುವವರಿಗೆ ಅವೇ ಸರಿ.

ಕೊಂಡು ತಂದ ಮೇಲೆ ಗವಸನ್ನು ಕೊಲ್ಲುವುದು ಬೆಟ್ಟವಲ್ಲ, ಮನೆಯ ಹೀಟರ್. ಒದ್ದೆ ಗವಸನ್ನು ರೇಡಿಯೇಟರಿನ ಮೇಲೆ ಹೇರಿದರೆ ಬೆಳಗಾಗುವಷ್ಟರಲ್ಲಿ ಚರ್ಮದ ಎಣ್ಣೆ ಬತ್ತಿ ಅದು ಒಣಗಿದ ಬಾಳೆಪಟ್ಟೆಯಂತಾಗುತ್ತದೆ, ಮಡಿಸಿದಲ್ಲಿ ಬಿರುಕು. ನನ್ನ ಮೊದಲ ಚರ್ಮದ ಜೊತೆ ಹೋದದ್ದು ಹೀಗೆ, ಎರಡೇ ರಾತ್ರಿಯಲ್ಲಿ. ಒಳಗವಸು ಬೇರ್ಪಡುವಂತಿದ್ದರೆ ಎಳೆದು ತೆಗೆದು ಬೇರೆಯಾಗಿ ಹರವಿ, ಬಾಯಿ ಕೆಳಗಾಗಿ ನಿಲ್ಲಿಸಿ, ಗಾಳಿಯಾಡುವ ಕಡೆ ತಾನಾಗಿ ಒಣಗಲು ಬಿಡಿ. ಋತುವಿಗೆ ಎರಡು ಮೂರು ಸಲ ಚರ್ಮಕ್ಕೆ ಜೇನುಮೇಣ ಬಳಿಯುವುದು ನನಗೆ ಪ್ರಿಯವಾದ ಕೆಲಸ. ಗವಸನ್ನು ಕೈಗೆ ಹಾಕಿಕೊಂಡೇ ಇನ್ನೊಂದು ಕೈಯ ಹೆಬ್ಬೆರಳಿನಿಂದ ಮೇಣ ತೆಗೆದು ಹೊಲಿಗೆಗಳ ಗುಂಟ ತಿಕ್ಕುತ್ತೇನೆ. ಮೈಬಿಸಿಗೆ ಮೇಣ ಕರಗಿ ಚರ್ಮ ಕಪ್ಪಾಗುತ್ತಾ ಹೋಗುತ್ತದೆ, ದಾರದ ತೂತುಗಳು ಮುಚ್ಚಿಕೊಳ್ಳುತ್ತವೆ. ಈಗ ಬಳಸುವ ಜೊತೆಗೆ ಒಂಬತ್ತು ವರ್ಷ. ಬಣ್ಣ ಏನಿತ್ತೆಂದು ಮರೆತಿದ್ದೇನೆ.

ಬ್ಯಾಟರಿ ಗವಸು ಕೊಳ್ಳಲೇ ಎಂದೂ ಕೇಳಿದ್ದೀರಿ. ಚಳಿಗೆ ಬೆರಳು ಬಿಳಿಚಿಕೊಳ್ಳುವ ರೆನಾಡ್ ತೊಂದರೆ ಇದ್ದವರಿಗೆ ಅದು ವರ. ಉಳಿದವರಿಗೆ ಚಾರ್ಜ್ ಮಾಡಬೇಕಾದ ಮತ್ತೊಂದು ವಸ್ತು. ಕೈಬಿಸಿಯ ಪೊಟ್ಟಣಗಳು ಸಾಕು. ಅವುಗಳಲ್ಲಿರುವ ಕಬ್ಬಿಣದ ಪುಡಿ ಗಾಳಿ ತಗುಲಿದಾಗ ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತದೆ, ಆದ್ದರಿಂದ ಗವಸಿಗೆ ತುರುಕುವ ಕಾಲು ಗಂಟೆ ಮೊದಲೇ ತೆರೆದಿಡಿ. ಬರಿ ಚರ್ಮಕ್ಕೆ ಒತ್ತಬೇಡಿ. ಎದೆ, ಕತ್ತು, ತಲೆ ಬೆಚ್ಚಗಿರಲಿ: ಒಡಲು ತಣ್ಣಗಾದರೆ ದೇಹ ಮೊದಲು ಬೆರಳುಗಳ ರಕ್ತವನ್ನೇ ಕಡಿತ ಮಾಡುತ್ತದೆ, ಆಗ ಯಾವ ಗವಸೂ ಕೈಹಿಡಿಯದು. ಬೆರಳು ಜೋಮು ಹಿಡಿದರೆ ತೋಳನ್ನು ಗಾಣದಂತೆ ಹತ್ತಿಪ್ಪತ್ತು ಸುತ್ತು ಬೀಸಿ, ರಕ್ತ ತುದಿಗೆ ಇಳಿಯುತ್ತದೆ. ತುದಿ ಬಿಳಿಚಿ ಸ್ಪರ್ಶವೇ ತಿಳಿಯದಾದರೆ ಅಂದಿಗೆ ಆಟ ಮುಗಿಯಿತು. ಒಳಗೆ ಹೋಗಿ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ, ಉಜ್ಜಬೇಡಿ, ಹೀಟರಿಗೆ ಹಿಡಿಯಬೇಡಿ, ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಬೆಚ್ಚಗಾದ ಮೇಲೂ ಬಿಳುಪು, ಗಡುಸು ಹೋಗದಿದ್ದರೆ ಅದು ಫ್ರಾಸ್ಟ್‌ಬೈಟ್, ಅಂದರೆ ಚಳಿಗೆ ಚರ್ಮ ಹೆಪ್ಪುಗಟ್ಟಿ ಆಗುವ ಗಾಯ, ಇರಬಹುದು, ನೇರ ವೈದ್ಯರ ಬಳಿಗೆ.

ಸ್ಕೀ, ಬೂಟು, ಹೆಲ್ಮೆಟ್ ಬಾಡಿಗೆಗೆ ಸಿಗುತ್ತವೆ, ಗವಸು ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ಹಣ ಹಾಕುವುದಾದರೆ ಮೊದಲು ಇದಕ್ಕೇ ಹಾಕಿ. ಜೊತೆಗೆ ಮೆರಿನೊ ಉಣ್ಣೆಯ ತೆಳು ಒಳಗವಸು ಎರಡು ಜೊತೆ ಇರಲಿ. ಒಂದನ್ನು ಹಾಕಿಕೊಳ್ಳಿ, ಇನ್ನೊಂದನ್ನು ಜಾಕೆಟ್ಟಿನ ಒಳಜೇಬಿನಲ್ಲಿ, ಎದೆಗೆ ಒತ್ತಿಕೊಂಡಂತೆ ಇಟ್ಟುಕೊಳ್ಳಿ. ಮಧ್ಯಾಹ್ನ ಊಟಕ್ಕೆ ಕೂತಾಗ ಬದಲಿಸಿ. ಬಲಗೈಯದು ಮೊದಲು ಒದ್ದೆಯಾಗಿರುತ್ತದೆ.