ಇಲೆವೆನ್ ಪ್ಲಸ್: ಏಣಿ ಹತ್ತದವರ ಕಥೆ

ಹನ್ನೊಂದನೇ ವಯಸ್ಸಿಗೆ ಮಕ್ಕಳು ಯಾವ ಬಗೆಯ ಪ್ರೌಢಶಾಲೆಗೆ ಹೋಗಬೇಕೆಂದು ತೀರ್ಮಾನಿಸುವ ಇಂಗ್ಲೆಂಡಿನ ಇಲೆವೆನ್ ಪ್ಲಸ್ ಪರೀಕ್ಷೆ ಕಾರ್ಮಿಕರ ಮಕ್ಕಳಿಗೆ ಮೇಲೇರುವ ಏಣಿಯಾಗಿತ್ತಲ್ಲ, ಮತ್ತೆ ಯಾಕೆ ಬಹುತೇಕ ಕಡೆ ಕೈಬಿಟ್ಟರು ಎಂದು ಕೆಲವರು ಕೇಳುತ್ತಾರೆ. ಹತ್ತಿದವರು ಇದ್ದರು, ನಿಜ. ಆದರೆ ಹತ್ತದವರೇ ಜಾಸ್ತಿ, ಅವರ ಕಥೆಯನ್ನೂ ಕೇಳಬೇಕು ಅಲ್ವಾ?

1944ರ ಶಿಕ್ಷಣ ಕಾಯ್ದೆಯ ನಂತರ, ಪಾಸಾದವರು ಉನ್ನತ ಓದಿಗೆ ತಯಾರು ಮಾಡುವ ಗ್ರಾಮರ್ ಶಾಲೆಗೆ ಹೋದರು. ಉಳಿದವರಲ್ಲಿ ಬಹುಪಾಲು ಸೆಕೆಂಡರಿ ಮಾಡರ್ನ್ ಎಂಬ ಸಾಮಾನ್ಯ ಪ್ರೌಢಶಾಲೆಗೆ. ಅಲ್ಲಿ ಮೊದಲಿನ ವರ್ಷಗಳಲ್ಲಿ ಹೆಚ್ಚಿನ ಮಕ್ಕಳು ಯಾವ ಸರ್ಟಿಫಿಕೇಟೂ ಇಲ್ಲದೆ 15ಕ್ಕೆ ಶಾಲೆ ಬಿಟ್ಟು ಕೆಲಸಕ್ಕೆ ಸೇರುತ್ತಿದ್ದರು. ಹನ್ನೊಂದನೇ ವಯಸ್ಸಿಗೇ 'ಓದು ನಿನಗಲ್ಲ' ಎಂದು ಊರೆಲ್ಲ ತೀರ್ಮಾನಿಸಿದ ಮೇಲೆ ಆ ಮಗು ಯಾಕೆ ಕಷ್ಟಪಟ್ಟು ಓದಬೇಕು? ಎಷ್ಟೋ ಜನ ಆ ಮಾತನ್ನು ಮುಪ್ಪಿನವರೆಗೂ ಹೊತ್ತುಕೊಂಡೇ ಬದುಕಿದರು. ನನಗೆ ಇದು ದೊಡ್ಡ ಅನ್ಯಾಯ ಅನಿಸುತ್ತದೆ. ಗ್ರಾಮರ್ ಶಾಲೆಯ ಸೀಟುಗಳ ಲೆಕ್ಕವೂ ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಒಂದು ಕಡೆ ಫೇಲಾದವರು ಇನ್ನೊಂದು ಕಡೆ ಪಾಸಾಗಬಹುದಿತ್ತು.

ಪಾಸಾದವರಿಗೂ ಸುಲಭವಿರಲಿಲ್ಲ. ಯೂನಿಫಾರ್ಮಿನ ಖರ್ಚು, ಓದಲು ಜಾಗವಿಲ್ಲದ ಮನೆ, ದೂರವಾದ ಗೆಳೆಯರು. ಗ್ರಾಮರ್ ಶಾಲೆ ಸೇರಿದ ಕಾರ್ಮಿಕರ ಮಕ್ಕಳು ಉಳಿದವರಿಗಿಂತ ಹೆಚ್ಚಾಗಿ ಬೇಗ ಶಾಲೆ ಬಿಡುತ್ತಾರೆ ಎಂದು 1954ರ ಸರ್ಕಾರಿ ವರದಿಯೇ ತೋರಿಸಿತು.

1965ರಲ್ಲಿ ಸರ್ಕಾರ ಎಲ್ಲರಿಗೂ ಒಂದೇ ಬಗೆಯ ಶಾಲೆ ಮಾಡಿ ಎಂದು ಸ್ಥಳೀಯ ಆಡಳಿತಗಳನ್ನು ಕೇಳಿತು. ಹೀಗೆ ಬಹುತೇಕ ಕಡೆ ಪರೀಕ್ಷೆ ನಿಂತಿತು. ಆದರೂ ಕೆಂಟ್, ಬಕಿಂಗ್‌ಹ್ಯಾಮ್‌ಶೈರ್‌ನಂಥ ಕಡೆ ಪರೀಕ್ಷೆ ಈಗಲೂ ಇದೆ. ಅಲ್ಲಿ ಟ್ಯೂಷನ್ನಿಗೆ ದುಡ್ಡು ಕೊಡಬಲ್ಲ ಮನೆಗಳಿಗೇ ಅನುಕೂಲ ಹೆಚ್ಚು. ಗ್ರಾಮರ್ ಶಾಲೆಗಳಲ್ಲಿ ಬಡ ಮನೆಯ ಮಕ್ಕಳು ತೀರಾ ಕಡಿಮೆ.