ಶಿಬಿರದಿಂದ ಮಗನಿಗೆ ಸಿಗುವುದೇನು?

ಮಾನ್ಯ ಸಂಪಾದಕರೇ, ನನ್ನ ಮಗ ಐದನೇ ತರಗತಿ ಮುಗಿಸಿದ್ದಾನೆ. ಅಕ್ಕಪಕ್ಕದವರೆಲ್ಲ ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಸೇರಿಸುತ್ತಿದ್ದಾರೆ. ಹದಿನೈದು ದಿನಕ್ಕೆ ಆರು ಸಾವಿರ ರೂಪಾಯಿ ಕೇಳುತ್ತಾರೆ. ನಾವು ಅಜ್ಜಿ ಮನೆಯಲ್ಲಿ ಮಾವಿನ ಮರ ಹತ್ತಿ ಬೆಳೆದವರು. ಈ ಶಿಬಿರದಿಂದ ನನ್ನ ಮಗನಿಗೆ ಸಿಗುವುದೇನು?
– ಓದುಗರೊಬ್ಬರು, ದಾವಣಗೆರೆ

ಸೋದರಿ,

ಆ ಮಾವಿನ ಮರವನ್ನು ನಿಮಗೆ ದೊಡ್ಡವರು ಯಾರೂ ಹತ್ತಿಸಿರಲಿಕ್ಕಿಲ್ಲ. ಚಿಕ್ಕಪ್ಪನ ಮಗನೋ ಅತ್ತೆಯ ಮಗಳೋ ಮೇಲಿನ ಕೊಂಬೆಯಿಂದ ಕರೆದಿರಬೇಕು, ನೀವು ಹತ್ತಿರಬೇಕು. ಬಿದ್ದು ಮೊಣಕಾಲು ತರಚಿಕೊಂಡಾಗ ಅಜ್ಜಿ ಅರಿಸಿನ ಹಚ್ಚಿದ್ದಾರು. ಅಮ್ಮನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಗಾಯ ಮಾಗಿದ್ದೀತು. ದೊಡ್ಡವರು ಚಿಕ್ಕವರೆನ್ನದೆ ಹತ್ತು ಮಕ್ಕಳು ಒಂದೆಡೆ, ಅಪ್ಪ ಅಮ್ಮ ಎದುರಿಗಿಲ್ಲ. ಒಳ್ಳೆಯ ಶಿಬಿರ ಕೊಡುವುದೂ ಇದನ್ನೇ. ನಿಮ್ಮ ತವರಿನಲ್ಲಿ ಈಗಲೂ ಅಷ್ಟು ಮಕ್ಕಳು ಸೇರುವುದಾದರೆ ಯೋಚನೆಯೇ ಬೇಡ, ನಾಳೆಯೇ ಬಸ್ಸು ಹತ್ತಿಸಿ. ಆದರೆ ಎಷ್ಟೋ ಊರುಗಳಲ್ಲಿ ಈಗ ಅಜ್ಜಿ ಒಬ್ಬರೇ ಇರುತ್ತಾರೆ. ಜೊತೆಗಾರರಿಲ್ಲದ ಮಗು ಅಲ್ಲಿಯೂ ಮೊಬೈಲ್ ಹಿಡಿದು ಕೂರುತ್ತದೆ.

ಕಳೆದ ಬೇಸಿಗೆಯಲ್ಲಿ ಮಕ್ಕಳ ರಂಗಶಿಬಿರವೊಂದರಲ್ಲಿ ಒಂದು ಮಧ್ಯಾಹ್ನ ಕಳೆದೆ. ನಿಮ್ಮ ಮಗನ ವಯಸ್ಸಿನ ಹುಡುಗನೊಬ್ಬ ರಟ್ಟು ಕತ್ತರಿಸಿ ರಾಜನ ಕಿರೀಟ ಮಾಡುತ್ತಿದ್ದ. ಮೈದಾ ಅಂಟು ಮೊಣಕೈವರೆಗೂ ಮೆತ್ತಿತ್ತು. ರಾಜನ ಪಾತ್ರ ಒಬ್ಬಳು ಹುಡುಗಿಯದು. ಕಿರೀಟ ಅವಳ ಕಣ್ಣಿನವರೆಗೂ ಇಳಿಯಿತು. ಬಿಚ್ಚಿ ಮತ್ತೆ ಅಂಟಿಸಿದ, ಈ ಸಲ ತಲೆಗೆ ಹತ್ತಲೇ ಇಲ್ಲ. ಮೇಷ್ಟ್ರು ಎರಡು ಮಾರು ದೂರದಲ್ಲೇ ಕುಳಿತು ನೋಡುತ್ತಿದ್ದರು, ಕೈಹಾಕಲಿಲ್ಲ. ಮೂರನೆಯ ಸಲ ಹುಡುಗ ಎಲ್ಲಿಂದಲೋ ದಾರ ತಂದು ಅವಳ ತಲೆಯ ಅಳತೆ ತೆಗೆದುಕೊಂಡ. ನಾಲ್ಕು ದಿನ ಅವರಿಬ್ಬರ ನಡುವೆ ಮಾತೇ ಇರಲಿಲ್ಲವಂತೆ. ಆ ದಾರದ ಒಂದು ತುದಿಯನ್ನು ಅವಳು ಹಿಡಿದಿದ್ದಳು, ಇನ್ನೊಂದನ್ನು ಅವನು. ಮೇಷ್ಟ್ರು ಎದ್ದು ಬಂದು ಅಳೆದುಕೊಟ್ಟಿದ್ದರೆ ಕಿರೀಟ ಬೇಗ ಆಗುತ್ತಿತ್ತು, ಅಷ್ಟೇ.

ನಮ್ಮ ನಾಡಿಗೆ ಇದೇನೂ ಹೊಸದಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ಕುಣಿತ, ನಾಟಕಗಳನ್ನೇ ಕಲಿಕೆಯ ದಾರಿಯಾಗಿಸಿದ್ದರು. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ಬೇಸಿಗೆಯ ಚಿಣ್ಣರ ಮೇಳದಲ್ಲಿ ಇಂದಿಗೂ ಬೇರೆ ಬೇರೆ ಶಾಲೆಗಳ ಮಕ್ಕಳು ಕಲೆಯುತ್ತಾರೆ, ಕೊನೆಗೆ ತಾವೇ ನಾಟಕ ಆಡುತ್ತಾರೆ. ತರಗತಿಯಲ್ಲಿ 'ಹಿಂದಿನ ಬೆಂಚಿನವನು' ಎನಿಸಿಕೊಂಡ ಹುಡುಗನನ್ನು ಅಂಥ ಕಡೆ ಯಾರೂ ಹಾಗೆ ಗುರುತಿಸುವುದಿಲ್ಲ. ಹೊಸದಾಗಿ ಹೆಸರು ಪಡೆಯುವ ಈ ಅವಕಾಶ ಮಗುವಿಗೆ ಎಷ್ಟು ದೊಡ್ಡದೆಂಬುದು ನಮಗೆ, ದೊಡ್ಡವರಿಗೆ, ಮರೆತೇ ಹೋಗಿದೆ.

ಆರು ಸಾವಿರದ ಮಾತಿಗೆ ಬರುತ್ತೇನೆ. ದುಬಾರಿಯಾದದ್ದೆಲ್ಲ ಒಳ್ಳೆಯದಲ್ಲ. ಅಬಾಕಸ್, ವೇದಗಣಿತ, ಕೈಬರಹ, ಇಂಗ್ಲಿಷ್ ಸಂಭಾಷಣೆ ಎಂದು ಗಂಟೆ ಲೆಕ್ಕದಲ್ಲಿ ದಿನವನ್ನು ಕತ್ತರಿಸಿಟ್ಟಿದ್ದರೆ ಅದು ಶಾಲೆಯೇ. ರಜೆಯಲ್ಲೂ ಆ ಶಿಕ್ಷೆ ಬೇಡ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಉಚಿತ ಶಿಬಿರಗಳು ನಡೆದದ್ದುಂಟು, ನಿಮ್ಮ ಹತ್ತಿರ ಇದೆಯೇ ವಿಚಾರಿಸಿ. ಹಣ ಕಟ್ಟುವ ಮುನ್ನ ಒಮ್ಮೆ ಹೋಗಿ ನೋಡಿ. ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ಕುಡಿಯುವ ನೀರು, ಶೌಚಾಲಯ ಹೇಗಿವೆ, ನಡುಮಧ್ಯಾಹ್ನ ಮಕ್ಕಳು ನೆರಳಿನಲ್ಲಿರುತ್ತಾರೆಯೇ? ನಿಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಪೋಷಕರು ಒಳಗೆ ಬಂದು ನೋಡುವುದೇ ಬೇಡ ಎನ್ನುವ ಕಡೆ ಸೇರಿಸಬೇಡಿ.

ರಜೆ ಮೇ ಕೊನೆಯವರೆಗೂ ಇರುತ್ತದೆ. ಹದಿನೈದು ದಿನ ಶಿಬಿರಕ್ಕೆ ಹೋದರೂ ಅಜ್ಜಿಗೆ ಪಾಲು ಉಳಿಯುತ್ತದೆ. ಮೊದಲ ಒಂದೆರಡು ದಿನ ಅವನು ಹೋಗುವುದಿಲ್ಲವೆಂದು ಹಟ ಹಿಡಿಯಬಹುದು. ಬೈಯದೆ, ಆಸೆ ತೋರಿಸದೆ ಕಳಿಸಿಕೊಡಿ. ಸಂಜೆ ಬಂದಾಗ ಯಾರ ಜೊತೆ ಊಟಕ್ಕೆ ಕುಳಿತಿದ್ದೆ ಎಂದು ಕೇಳಿ. ಹೊಸ ಅಂಗಿ ಹಾಕಿ ಮಾತ್ರ ಕಳಿಸಬೇಡಿ. ಮೈದಾ ಅಂಟು ಮೆತ್ತಿಕೊಂಡು ಬಂದರೆ ಬಟ್ಟೆಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಬಿಡುತ್ತದೆ.

– ಸಂಪಾದಕ